ಜಿಪಿಎಸ್ ಬದಲಿಸುವ ಮುನ್ನ ವೈರ್ ನೋಡಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆ ನಿಂತು ಉದ್ದದ ರೈಡ್‌ಗಳು ಶುರುವಾಗುವ ಹೊತ್ತಿಗೆ ಬರುವ ಪತ್ರಗಳಲ್ಲಿ ಕೈಕೊಟ್ಟ ಜಿಪಿಎಸ್‌ನ ದೂರೇ ಹೆಚ್ಚು. ಮಳೆಗಾಲದಲ್ಲಿ ಹಿಡಿದ ಕಿಲುಬು ತನ್ನ ಗುಣ ತೋರಿಸುವುದು ಈಗಲೇ. ಹಾಗಾಗಿ ಈ ಸಂಚಿಕೆಯ ಪುಟಗಳನ್ನು ಪೂರ್ತಿ ಆ ವಿಷಯಕ್ಕೇ ಬಿಟ್ಟಿದ್ದೇವೆ.

ಪ್ರಶ್ನೆ: ನನ್ನ ವರ್ಸಿಸ್ 650 ಬೈಕಿನಲ್ಲಿ ಗಾರ್ಮಿನ್ ಜೂಮೋ 595 ಇದೆ. ಆಗುಂಬೆ ಘಾಟಿ ಇಳಿಯುವಾಗ, ಹಂಪ್ ದಾಟುವಾಗ ಪರದೆ ಕಪ್ಪಾಗಿ ಮತ್ತೆ ಮೊದಲಿನಿಂದ ಆನ್ ಆಗುತ್ತದೆ. ಮನೆಯಲ್ಲಿ ಯುಎಸ್‌ಬಿ ಚುಚ್ಚಿ ಇಟ್ಟರೆ ಇಡೀ ದಿನ ಸರಿಯಾಗಿರುತ್ತದೆ. ಮೆಕ್ಯಾನಿಕ್ "ಯೂನಿಟ್ ಹೋಗಿದೆ, ಹೊಸದು ಹಾಕಿಸಿ" ಅನ್ನುತ್ತಾರೆ. ತೆಗೆದುಕೊಳ್ಳಲೇ? (ಶಿವಮೊಗ್ಗ)

ಈಗಲೇ ಬೇಡ. ಮನೆಯಲ್ಲಿ ಸರಿಯಿದ್ದು ಬೈಕಿನ ಮೇಲೆ ಮಾತ್ರ ಸಾಯುವ ಯೂನಿಟ್‌ನಲ್ಲಿ ತಪ್ಪು ಬಹುಪಾಲು ಯೂನಿಟ್‌ನದ್ದಲ್ಲ, ಅದಕ್ಕೆ ಕರೆಂಟ್ ತರುವ ದಾರಿಯದ್ದು. ಆ ದಾರಿಯನ್ನು ಹಾಗೇ ಬಿಟ್ಟು ಹೊಸ ಯೂನಿಟ್ ಕೂರಿಸಿದರೆ ಅದೂ ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಇದೇ ಆಟ ಆಡುತ್ತದೆ.

ನಿಮ್ಮ ವಿವರ ನೋಡಿದರೆ ಎರಡು ದೋಷ ಒಟ್ಟಿಗೆ ಸೇರಿರುವಂತಿದೆ. 595ರ ಒಳಗೆ ಲಿಥಿಯಂ ಬ್ಯಾಟರಿ ಇದೆ. ಕ್ರೇಡಲ್‌ನಿಂದ (ಯೂನಿಟ್ಟನ್ನು ಬೈಕಿನ ಮೇಲೆ ಹಿಡಿದಿಡುವ ತೊಟ್ಟಿಲಿನಿಂದ) ಬರುವ ಕರೆಂಟ್ ಅರೆಕ್ಷಣ ತಪ್ಪಿದರೂ ಆರೋಗ್ಯವಾದ ಬ್ಯಾಟರಿ ಯೂನಿಟ್ಟನ್ನು ನಡೆಸಿಕೊಂಡು ಹೋಗುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಬ್ಯಾಟರಿ ಮುದಿಯಾದಾಗ ಆ ಆಸರೆ ತಪ್ಪಿ, ವೈರ್‌ನಲ್ಲಿ ಎಷ್ಟೋ ಕಾಲದಿಂದ ಅಡಗಿದ್ದ ಸಡಿಲ ಹೊರಬೀಳುತ್ತದೆ. ಮೊದಲು ಇದನ್ನೇ ಪರೀಕ್ಷಿಸಿ. ಮನೆಯಲ್ಲಿ ಪೂರ್ತಿ ಚಾರ್ಜ್ ಮಾಡಿ, ಬೈಕ್ ಕಡೆಯ ಫ್ಯೂಸ್ ತೆಗೆದಿಟ್ಟು, ಬರೀ ಒಳಗಿನ ಬ್ಯಾಟರಿಯಲ್ಲಿ ಅರ್ಧ ಗಂಟೆ ಕೆಟ್ಟ ರಸ್ತೆಯಲ್ಲಿ ಓಡಿಸಿ. ಒಮ್ಮೆಯೂ ಆಫ್ ಆಗದಿದ್ದರೆ ಯೂನಿಟ್ ಗಟ್ಟಿಯಾಗಿದೆ ಎಂದರ್ಥ. ಹತ್ತು ನಿಮಿಷದಲ್ಲೇ ಚಾರ್ಜ್ ಮುಗಿದು ಹೋದರೆ ಬ್ಯಾಟರಿ ಬದಲಿಸಬೇಕು. 595ರಲ್ಲಿ ಅದನ್ನು ಹಿಂಬದಿಯ ಮುಚ್ಚಳ ತೆಗೆದು ನೀವೇ ಬದಲಿಸಬಹುದು.

ಆಮೇಲೆ ಕ್ರೇಡಲ್‌ನ ಪಿನ್‌ಗಳನ್ನು ಹಗಲು ಬೆಳಕಿನಲ್ಲಿ ನೋಡಿ. ಮೊನಚಾದ ಕಡ್ಡಿಯಿಂದ ಒಂದೊಂದನ್ನೇ ಒತ್ತಿ ಬಿಟ್ಟರೆ ಎಲ್ಲವೂ ಒಂದೇ ಎತ್ತರಕ್ಕೆ ಚಿಮ್ಮಿ ಬರಬೇಕು. ಒಂದು ತಗ್ಗಿನಲ್ಲೇ ಸಿಕ್ಕಿಕೊಂಡಿದ್ದರೆ ಹಂಪ್ ಮೇಲೆ ಸಂಪರ್ಕ ತಪ್ಪುವುದು ಅಲ್ಲೇ. ಕಪ್ಪೋ ಹಸಿರೋ ಕಟ್ಟಿದ್ದರೆ ಹತ್ತಿಕಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ. ಯೂನಿಟ್‌ನ ಹಿಂಬದಿಯ ಚಪ್ಪಟೆ ಬಿಲ್ಲೆಗಳನ್ನು ಪೆನ್ಸಿಲ್ ರಬ್ಬರ್‌ನಿಂದ ಮೆತ್ತಗೆ ಉಜ್ಜಬಹುದು. ಉಪ್ಪುಕಾಗದ ಮಾತ್ರ ಮುಟ್ಟಿಸಬೇಡಿ. ಪಿನ್ ಮೇಲಿನ ಚಿನ್ನದ ತೆಳು ಲೇಪ ಹೋದರೆ ಮುಂದಿನ ಕಿಲುಬು ಇನ್ನೂ ಬೇಗ ಬರುತ್ತದೆ.

ಇನ್ನು ವೈರ್. ಇಲ್ಲಿ ಮಲ್ಟಿಮೀಟರ್ ಇಟ್ಟು "12 ವೋಲ್ಟ್ ಬರ್ತಿದೆ, ವೈರ್ ಸರಿಯಿದೆ" ಎಂದು ತೀರ್ಮಾನಿಸುವುದೇ ದೊಡ್ಡ ತಪ್ಪು. ಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ವೈರ್‌ನೊಳಗೆ ಒಂದೇ ಒಂದು ಎಳೆ ಉಳಿದಿದ್ದರೂ ಅದು 12 ತೋರಿಸುತ್ತದೆ. ನಲ್ಲಿ ಮುಚ್ಚಿದ್ದಾಗಲೂ ಪೈಪಿನೊಳಗೆ ಪ್ರೆಷರ್ ಇರುತ್ತದೆ, ತಿರುಗಿಸಿದಾಗಲೇ ನೀರು ಸಾಲದೆನ್ನುವುದು ಗೊತ್ತಾಗುವುದು. ಆದ್ದರಿಂದ ಲೋಡ್ ಕೊಟ್ಟು ಅಳೆಯಿರಿ. ಬೈಕಿನ ವೈರ್ ಮತ್ತು ಕ್ರೇಡಲ್ ವೈರ್ ಸೇರುವ ಜಾಯಿಂಟ್ ಬಿಚ್ಚಿ, ಬೈಕ್ ಕಡೆಯ ತುದಿಗೆ 12 ವೋಲ್ಟ್ 10 ವ್ಯಾಟ್‌ನ ಇಂಡಿಕೇಟರ್ ಬಲ್ಬ್ ಜೋಡಿಸಿ. ಅದು ಸುಮಾರು 0.8 ಆಂಪ್ ಎಳೆಯುತ್ತದೆ, 2 ಆಂಪ್ ಫ್ಯೂಸ್‌ಗೆ ಭಾರವಲ್ಲ. ಬಲ್ಬ್ ಉರಿಯುತ್ತಿರುವಾಗ ಬ್ಯಾಟರಿಯ ಮೇಲೊಮ್ಮೆ, ಬಲ್ಬ್‌ನ ಮೇಲೊಮ್ಮೆ ವೋಲ್ಟ್ ಅಳೆಯಿರಿ. ವ್ಯತ್ಯಾಸ 0.3 ವೋಲ್ಟ್ ಒಳಗಿರಬೇಕು. ಒಂದು ವೋಲ್ಟ್ ದಾಟಿದರೆ ದಾರಿಯಲ್ಲಿ ಎಲ್ಲೋ ಕೊಳೆತಿದೆ. ಬಲ್ಬ್ ಉರಿಸಿಕೊಂಡೇ ಹ್ಯಾಂಡಲನ್ನು ಎಡದ ತುದಿಯಿಂದ ಬಲದ ತುದಿಗೆ ಪೂರ್ತಿ ತಿರುಗಿಸಿ, ವೈರ್‌ನ ಉದ್ದಕ್ಕೂ ಬೆರಳಲ್ಲಿ ಹಿಸುಕುತ್ತಾ ಹೋಗಿ. ಬಲ್ಬ್ ಮಿಣುಕಿದ ಜಾಗವೇ ರೋಗದ ಜಾಗ. ಹತ್ತರಲ್ಲಿ ಎಂಟು ಸಲ ಅದು ಹ್ಯಾಂಡಲ್ ತಿರುಗುವ ಕತ್ತಿನ ಹತ್ತಿರ, ಇಲ್ಲವೇ ಫ್ಯೂಸ್ ಹೋಲ್ಡರ್‌ನಲ್ಲಿ ಸಿಗುತ್ತದೆ. ಗಾಜಿನ ಫ್ಯೂಸ್ ಇರುವ ಸ್ಪ್ರಿಂಗ್ ಹೋಲ್ಡರ್‌ಗಳಲ್ಲಿ ಸ್ಪ್ರಿಂಗ್ ತುಕ್ಕು ಹಿಡಿದು ಸಡಿಲವಾಗುತ್ತದೆ. ಅಂಥದ್ದು ಕಂಡರೆ ಯೋಚಿಸದೆ ಕಿತ್ತು, ಮುಚ್ಚಳವಿರುವ ಬ್ಲೇಡ್ ಫ್ಯೂಸ್ ಹೋಲ್ಡರ್ ಹಾಕಿ.

ಸ್ಟಾರ್ಟ್ ಬಟನ್ ಒತ್ತಿದಾಗ ಮಾತ್ರ ಯೂನಿಟ್ ರೀಸೆಟ್ ಆಗುವುದು ಬೇರೆ ಸಂಗತಿ. ಸ್ಟಾರ್ಟರ್ ತಿರುಗುವಾಗ ಬ್ಯಾಟರಿ 10 ವೋಲ್ಟ್‌ವರೆಗೆ ಕುಸಿಯುವುದುಂಟು. ಎಂಜಿನ್ ಓಡಿದ ಮೇಲೆ 13.8ರಿಂದ 14.4ರ ನಡುವೆ ನಿಂತರೆ ಚಿಂತೆಯಿಲ್ಲ. 15 ದಾಟುತ್ತಿದ್ದರೆ ಮಾತ್ರ ಜಿಪಿಎಸ್ ವಿಚಾರ ಪಕ್ಕಕ್ಕಿಟ್ಟು ವೋಲ್ಟ್ ಹತೋಟಿಯಲ್ಲಿಡುವ ರೆಗ್ಯುಲೇಟರ್ ನೋಡಿಸಿ, ಇಲ್ಲದಿದ್ದರೆ ಹೆಡ್‌ಲೈಟ್‌ನಿಂದ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ವರೆಗೆ ಎಲ್ಲಕ್ಕೂ ಕುತ್ತು.

ಹಾಗಾದರೆ ಯೂನಿಟ್ಟನ್ನೇ ಬದಲಿಸಬೇಕಾದದ್ದು ಯಾವಾಗ? ಬ್ಯಾಟರಿ ಉಬ್ಬಿ ಪರದೆಯನ್ನು ಮೇಲೆ ತಳ್ಳಿದ್ದರೆ ಅಂದೇ ಬಳಕೆ ನಿಲ್ಲಿಸಿ. ಅದನ್ನು ಚಾರ್ಜ್ ಮಾಡಬಾರದು, ಒತ್ತಬಾರದು, ಚುಚ್ಚಬಾರದು. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ. ಪರದೆಯ ಪದರಗಳ ನಡುವೆ ಗುಳ್ಳೆ ಎದ್ದು, ಮುಟ್ಟಿದ್ದು ಒಂದು ಕಡೆ ಒತ್ತಿದ್ದು ಇನ್ನೊಂದು ಕಡೆ ಆಗುತ್ತಿದ್ದರೆ, ಗಾಜಿನ ಒಳಗೆ ಮಂಜು ಕಟ್ಟಿ ಬಿಸಿಲಿಗೂ ಹೋಗದಿದ್ದರೆ, ಬಯಲಲ್ಲಿ ಹದಿನೈದು ನಿಮಿಷ ನಿಲ್ಲಿಸಿದರೂ ಉಪಗ್ರಹ ಹಿಡಿಯದಿದ್ದರೆ ಅದರ ಆಯುಷ್ಯ ಮುಗಿದಿದೆ. ಜಾಗ ಸರಿ ತೋರಿಸಿ ತಾರೀಖು ಮಾತ್ರ ಇಪ್ಪತ್ತು ವರ್ಷದಷ್ಟು ಹಿಂದೆ ಹೋಗಿದ್ದರೆ ಗಾಬರಿ ಬೇಡ. ಜಿಪಿಎಸ್ ವ್ಯವಸ್ಥೆ ವಾರಗಳನ್ನು 1024ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. ಹಾಗೆ ಬಂದದ್ದು ಆಗಸ್ಟ್ 1999ರಲ್ಲೊಮ್ಮೆ, ಏಪ್ರಿಲ್ 2019ರಲ್ಲೊಮ್ಮೆ. ಹಳೆಯ ಸಾಫ್ಟ್‌ವೇರ್ ಇಟ್ಟುಕೊಂಡ ಯೂನಿಟ್‌ಗಳು ಅಲ್ಲಿ ಎಡವುತ್ತವೆ. ಮೊದಲು ಅಪ್‌ಡೇಟ್ ಮಾಡಿ ನೋಡಿ.

ಪ್ರಶ್ನೆ: ಹಿಮಾಲಯನ್ 411ರಲ್ಲಿ ಇದ್ದ ಹಳೆಯ ಜಿಪಿಎಸ್ ತೆಗೆದು ಜೂಮೋ ಎಕ್ಸ್‌ಟಿ ಹಾಕುತ್ತಿದ್ದೇನೆ. ಹಳೆಯ ವೈರನ್ನೇ ಬಳಸಬಹುದೇ? ನಾನೇ ಮಾಡಿಕೊಳ್ಳುವುದಾದರೆ ಕ್ರಮ ಹೇಳಿ. (ಹುಬ್ಬಳ್ಳಿ)

ಹಳೆಯ ವೈರ್ ಬೇಡ. ಎಕ್ಸ್‌ಟಿ ಜೊತೆಗೆ ಬರುವ ಕ್ರೇಡಲ್‌ಗೆ ಅದರದ್ದೇ ವೈರ್ ಇದೆ, 12 ವೋಲ್ಟ್‌ಗೆ ನೇರ ಜೋಡಿಸುವಂಥದ್ದು. ಹಳೆಯ ಮಾದರಿಗಳ ಕ್ರೇಡಲ್ ಇದಕ್ಕೆ ಕೂರುವುದಿಲ್ಲ, ಪಿನ್‌ಗಳ ಜೋಡಣೆಯೂ ಬೇರೆ.

ಮೊದಲು ಸಾಮಾನು ಕೂಡಿಸಿಕೊಳ್ಳಿ: 0.75 ಚದರ ಮಿ.ಮೀ.ನ ಕೆಂಪು, ಕಪ್ಪು ವೈರ್ ತಲಾ ಎರಡು ಮೀಟರ್, 5 ಆಂಪ್ ಬ್ಲೇಡ್ ಫ್ಯೂಸ್ ಹಾಗೂ ಅದರ ಮುಚ್ಚಳದ ಹೋಲ್ಡರ್, ನಾಲ್ಕು ಕಾಲಿನ 12 ವೋಲ್ಟ್ ರಿಲೇ (ಚಿಕ್ಕ ಕರೆಂಟ್‌ನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್), ಬ್ಯಾಟರಿಗೆ ಹಾಕುವ ಎರಡು ರಿಂಗ್ ಟರ್ಮಿನಲ್, ಎರಡು ಪಿನ್ನಿನ ವಾಟರ್‌ಪ್ರೂಫ್ ಕನೆಕ್ಟರ್ ಒಂದು ಜೊತೆ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್, ಕೇಬಲ್ ಟೈ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇವೆಲ್ಲ ಒಂದೇ ಸುತ್ತಿಗೆ ಸಿಗುತ್ತವೆ. ಹುಬ್ಬಳ್ಳಿಯಲ್ಲಿ ಆಟೋ ಎಲೆಕ್ಟ್ರಿಕಲ್ ಅಂಗಡಿಯವರನ್ನು ಕೇಳಿ. ಸ್ಲೀವ್ ಕೊಳ್ಳುವಾಗ ಒಳಗೆ ಅಂಟು ಇದೆಯೇ ಎಂದು ಕೇಳಿಯೇ ಕೊಳ್ಳಿ. ಅಂಟಿಲ್ಲದ ಸ್ಲೀವ್ ನೀರನ್ನು ತಡೆಯುವುದಿಲ್ಲ, ಒಳಗೆ ಹೋದ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ.

ಸೀಟು ತೆಗೆದು ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ. ಮತ್ತೆ ಹಾಕುವಾಗ ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ. ಹಾಗೆ ಮಾಡಿದರೆ ಸ್ಪ್ಯಾನರ್ ಫ್ರೇಮ್‌ಗೆ ತಾಗಿದರೂ ಕಿಡಿ ಹಾರುವುದಿಲ್ಲ. ಹಳೆಯ ವೈರನ್ನು ತುಂಡರಿಸಿ ಅಲ್ಲೇ ಬಿಡಬೇಡಿ. ತುದಿಯಿಂದ ತುದಿಗೆ ಪೂರ್ತಿ ಹೊರಗೆಳೆಯಿರಿ. ಎಳೆಯುವ ಮುನ್ನ ಅದರ ತುದಿಗೆ ಗಟ್ಟಿ ದಾರ ಕಟ್ಟಿಕೊಂಡರೆ ಟ್ಯಾಂಕ್ ಕೆಳಗಿನ ದಾರಿ ದಾರದಲ್ಲಿ ಉಳಿಯುತ್ತದೆ, ಹೊಸ ವೈರನ್ನು ಅದಕ್ಕೇ ಕಟ್ಟಿ ಎಳೆದುಕೊಳ್ಳಬಹುದು.

ಕೆಂಪು ವೈರ್ ಬ್ಯಾಟರಿಯಿಂದ ಹೊರಟ ಒಂದು ಗೇಣಿನೊಳಗೆ 5 ಆಂಪ್ ಫ್ಯೂಸ್ ಬರಬೇಕು. ಈ ಫ್ಯೂಸ್ ಕಾಯುವುದು ಜಿಪಿಎಸ್ಸನ್ನಲ್ಲ, ವೈರನ್ನು. ಟ್ಯಾಂಕ್ ಕೆಳಗೆ ಕವಚ ಉಜ್ಜಿ ಫ್ರೇಮ್‌ಗೆ ತಾಗಿದರೆ ಫ್ಯೂಸಿಗಿಂತ ಹಿಂದಿನ ತುಂಡಿಗೆ ರಕ್ಷಣೆಯೇ ಇಲ್ಲ, ಅದಕ್ಕೇ ಆ ತುಂಡು ಆದಷ್ಟು ಗಿಡ್ಡವಿರಲಿ. ರಿಲೇಯ ಕಾಲುಗಳಿಗೆ ಅಂಕಿಯ ಗುರುತು ಇರುತ್ತದೆ: ಫ್ಯೂಸಿನಿಂದ ಬಂದ ವೈರ್ 30ಕ್ಕೆ, 87ರಿಂದ ಹೊರಟದ್ದು ಕ್ರೇಡಲ್‌ನ ಕೆಂಪಿಗೆ. 85 ನೆಗೆಟಿವ್‌ಗೆ. 86ಕ್ಕೆ ಕೀ ತಿರುಗಿಸಿದಾಗ ಮಾತ್ರ 12 ವೋಲ್ಟ್ ಬರುವ ವೈರ್ ಬೇಕು. ಸೀಟಿನ ಹಿಂದೆಯೇ ಸಿಗುವ ಟೈಲ್ ಲೈಟ್‌ನ ವೈರ್ ಅನುಕೂಲ, ಕೀ ಆನ್ ಮತ್ತು ಆಫ್ ಎರಡರಲ್ಲೂ ಮೀಟರ್ ಇಟ್ಟು ಖಾತ್ರಿ ಮಾಡಿಕೊಳ್ಳಿ. ಜಿಪಿಎಸ್ ಒಂದಕ್ಕೇ ಆದರೆ ರಿಲೇ ಇಲ್ಲದೆಯೂ ನಡೆಯುತ್ತದೆ, ಅದು ಎಳೆಯುವುದು ಅಷ್ಟು ಕಡಿಮೆ. ಆದರೆ ಇಂದು ಜಿಪಿಎಸ್ ಹಾಕಿದವರು ನಾಳೆ ಫೋನ್ ಚಾರ್ಜರ್, ನಾಡಿದ್ದು ಫಾಗ್ ಲೈಟ್ ಹಾಕುತ್ತಾರೆ. ಫಾಗ್ ಲೈಟ್‌ಗೆ ಬೇರೆಯದೇ ರಿಲೇ, ಫ್ಯೂಸ್ ಕೊಡಿ, ಈ ದಾರಿಗೆ ಸೇರಿಸಬೇಡಿ. ಕೆಟಿಎಂ 390 ಅಡ್ವೆಂಚರ್ ಇರುವವರಿಗೆ ಈ ತಾಪತ್ರಯವಿಲ್ಲ. ಮುಂಭಾಗದಲ್ಲೇ ಎಸಿಸಿ 1, ಎಸಿಸಿ 2 ಎಂಬ ಕನೆಕ್ಟರ್‌ಗಳಿವೆ. ಎರಡನೆಯದು ಕೀ ಜೊತೆ ಆನ್-ಆಫ್ ಆಗುವಂಥದ್ದು, ಅದನ್ನೇ ಬಳಸಿ.

ಕೀ ಮೂಲಕವೇ ಕರೆಂಟ್ ಬರಲಿ ಎನ್ನುವುದು ಬ್ಯಾಟರಿ ಉಳಿಸಲು ಮಾತ್ರವಲ್ಲ. ಬೈಕ್ ಮಳೆಯಲ್ಲಿ ನಿಂತಿದ್ದಾಗ ಪಿನ್‌ಗಳಲ್ಲಿ 12 ವೋಲ್ಟ್ ಇದ್ದರೆ ಅವುಗಳ ನಡುವಿನ ನೀರಿನ ಹನಿ ವಿದ್ಯುದ್ವಿಭಜನೆ ನಡೆಸಿ ಪಾಸಿಟಿವ್ ಪಿನ್ನನ್ನು ತಿಂದು ಹಾಕುತ್ತದೆ. ಮಲೆನಾಡು, ಕರಾವಳಿಯಿಂದ ಬರುವ ಕ್ರೇಡಲ್‌ಗಳಲ್ಲಿ ಒಂದೇ ಪಿನ್ ಹಸಿರಾಗಿ ಸವೆದಿರುವುದು ಇದರಿಂದಲೇ. ಯೂನಿಟ್ ತೆಗೆದಾಗ ಕ್ರೇಡಲ್‌ನ ರಬ್ಬರ್ ಮುಚ್ಚಳ ಹಾಕುವುದನ್ನು ರೂಢಿ ಮಾಡಿಕೊಳ್ಳಿ.

ಕಪ್ಪು ವೈರನ್ನು ಫ್ರೇಮ್‌ನ ಬೋಲ್ಟ್‌ಗೆ ಕೊಡದೆ ಬ್ಯಾಟರಿಯ ನೆಗೆಟಿವ್‌ಗೇ ತನ್ನಿ. ಫ್ರೇಮ್‌ನ ಬಣ್ಣ, ತುಕ್ಕು ಎರಡೂ ಮುಂದೆ ಸತಾಯಿಸುತ್ತವೆ. ಜಾಯಿಂಟ್‌ಗಳನ್ನು ಬೆಸುಗೆ ಹಾಕುವುದಕ್ಕಿಂತ ಒಳ್ಳೆಯ ಕ್ರಿಂಪಿಂಗ್ ಪ್ಲೈಯರ್‌ನಿಂದ ಒತ್ತುವುದು ಮೇಲು. ಕರಗಿದ ಸೀಸ ಎಳೆಗಳ ನಡುವೆ ಹರಿದು ವೈರನ್ನು ಕಡ್ಡಿಯಂತೆ ಗಟ್ಟಿ ಮಾಡುತ್ತದೆ, ಸೀಸ ಮುಗಿಯುವ ಗೆರೆಯಲ್ಲೇ ಅದು ಅದುರಿ ಅದುರಿ ಮುರಿಯುತ್ತದೆ.

ಹ್ಯಾಂಡಲ್ ಕತ್ತಿನ ಹತ್ತಿರ ವೈರ್‌ಗೆ ಸಡಿಲ ಬಳೆಯಂಥ ತಿರುವು ಬಿಡಿ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿದಾಗ ವೈರ್ ಬಿಗಿಯಾಗಬಾರದು, ಸ್ಟಾಪರ್ ನಡುವೆ ಸಿಕ್ಕಲೂ ಬಾರದು. ಕೇಬಲ್ ಟೈ ಬಿಗಿಯುವುದು ಇದನ್ನು ನೋಡಿಕೊಂಡ ಮೇಲೆ.

ಇನ್ನು ಮೌಂಟ್. ಹ್ಯಾಂಡಲ್‌ನ ದಪ್ಪ ಅಳೆದು ಕ್ಲಾಂಪ್ ತೆಗೆದುಕೊಳ್ಳಿ. ಸಾಮಾನ್ಯ ಹ್ಯಾಂಡಲ್ 22 ಮಿ.ಮೀ., ದಪ್ಪದ್ದು ಮಧ್ಯದಲ್ಲಿ 28 ಮಿ.ಮೀ. ಮೌಂಟ್ ಬಿಲ್ಲೆಯ ನಾಲ್ಕು ತೂತುಗಳ ಅಂತರ 30 ಮತ್ತು 38 ಮಿ.ಮೀ. ಇದ್ದರೆ ಅದು ಹೆಚ್ಚಿನ ಕ್ರೇಡಲ್‌ಗಳಿಗೆ ಹೊಂದುವ ಸಾಮಾನ್ಯ ಅಳತೆ. ಲೋಹದ ನಟ್ಟು ಬೋಲ್ಟ್‌ಗೆ ನೀಲಿ ಥ್ರೆಡ್‌ಲಾಕರ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಬಹುದು, ಕ್ರೇಡಲ್‌ನ ಪ್ಲಾಸ್ಟಿಕ್‌ಗೆ ಮಾತ್ರ ತಾಗಕೂಡದು. ಅದು ಪ್ಲಾಸ್ಟಿಕ್ಕನ್ನು ಸೀಳುತ್ತದೆ, ಬಿರುಕು ಕಾಣುವುದು ವಾರಗಳ ನಂತರ. ಯೂನಿಟ್ ಮೀಟರನ್ನು ಮುಚ್ಚದೆ, ರಸ್ತೆಯಿಂದ ಕಣ್ಣು ಸ್ವಲ್ಪವೇ ಇಳಿಸಿದರೆ ಕಾಣುವಷ್ಟು ಎತ್ತರದಲ್ಲಿರಲಿ. ಟ್ಯಾಂಕ್ ಮೇಲೆ ಕೂರಿಸಿ ಕತ್ತು ಬಗ್ಗಿಸಿ ನೋಡುವುದು ಅಪಾಯ.

ಪ್ರಶ್ನೆ: ಕಾರಿನ ಹಳೆಯ ಜಿಪಿಎಸ್ ಬೈಕಿಗೆ ಹಾಕಲು ಸಿಗರೇಟ್ ಲೈಟರ್ ಪ್ಲಗ್ ಕತ್ತರಿಸಿ, ವೈರನ್ನು ನೇರ ಬ್ಯಾಟರಿಗೆ ಕೊಟ್ಟೆ. ಸುಟ್ಟ ವಾಸನೆ ಬಂತು, ಈಗ ಆನ್ ಆಗುತ್ತಿಲ್ಲ. (ತುಮಕೂರು)

ಆ ಪ್ಲಗ್‌ನೊಳಗೇ 12 ವೋಲ್ಟನ್ನು 5 ವೋಲ್ಟ್ ಮಾಡುವ ಸರ್ಕ್ಯೂಟ್ ಇರುತ್ತದೆ. ಅದನ್ನು ಕತ್ತರಿಸಿದ್ದರಿಂದ 5 ವೋಲ್ಟ್ ಯೂನಿಟ್‌ಗೆ 12 ವೋಲ್ಟ್ ನುಗ್ಗಿ ಒಳಗಿನ ಚಾರ್ಜಿಂಗ್ ಭಾಗ ಸುಟ್ಟಿದೆ. ರಿಪೇರಿಗೆ ಹಣ ಹಾಕಬೇಡಿ. ಕಾರಿನ ಯೂನಿಟ್ ನೀರು ತಡೆಯುವಂಥದ್ದೂ ಅಲ್ಲ, ಬೈಕಿನ ಅದುರಿಗೆ ಮಾಡಿದ್ದೂ ಅಲ್ಲ. ಬೈಕಿನ ಯೂನಿಟ್‌ಗಳಿಗೆ ಐಪಿಎಕ್ಸ್ 7 ಎಂಬ ಗುರುತು ಇರುತ್ತದೆ, ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆದುಕೊಳ್ಳಬೇಕು. ಬೇರೆ ಯಾರಾದರೂ ಇದೇ ಯೋಚನೆಯಲ್ಲಿದ್ದರೆ, ಯೂನಿಟ್‌ನ ಹಿಂದೆ ಅಥವಾ ಪ್ಲಗ್‌ನ ಮೇಲೆ ಬರೆದ ವೋಲ್ಟ್ ಓದದೆ ಯಾವ ವೈರನ್ನೂ ಕತ್ತರಿಸಬೇಡಿ.

ಪ್ರಶ್ನೆ: ಕೆಟ್ಟ ಜಿಪಿಎಸ್ ಜಾಗಕ್ಕೆ ಫೋನ್ ಇಟ್ಟುಕೊಂಡರೆ ಸಾಲದೇ? ಹ್ಯಾಂಡಲ್ ಮೇಲೆ ಫೋನ್ ಇಟ್ಟರೆ ಕ್ಯಾಮೆರಾ ಹಾಳಾಗುತ್ತದೆ, ಪೊಲೀಸರು ದಂಡ ಹಾಕುತ್ತಾರೆ ಎನ್ನುತ್ತಾರಲ್ಲ? (ದಾವಣಗೆರೆ)

ಹೆಚ್ಚಿನ ಸವಾರರಿಗೆ ಫೋನ್ ಸಾಕು. ಗೂಗಲ್ ಮ್ಯಾಪ್ಸ್‌ನಲ್ಲಿ ದ್ವಿಚಕ್ರ ವಾಹನಗಳ ದಾರಿ ಪ್ರತ್ಯೇಕವಾಗಿ ಸಿಗಲು ಶುರುವಾದದ್ದೇ ನಮ್ಮ ದೇಶದಲ್ಲಿ, 2017ರ ಕೊನೆಯಲ್ಲಿ. ದಿನವಿಡೀ ಮಳೆ, ಕೈಗವಸು, ಸಿಗ್ನಲ್ ಇಲ್ಲದ ಕಾಡು ಇವೆಲ್ಲ ನಿಮ್ಮ ರೈಡ್‌ಗಳಲ್ಲಿ ಖಾಯಂ ಎನ್ನುವುದಾದರೆ ಮಾತ್ರ ಬೇರೆ ಯೂನಿಟ್‌ಗೆ ಬೆಲೆಯಿದೆ.

ಕ್ಯಾಮೆರಾ ವಿಚಾರ ನಿಜ. ಸೆಪ್ಟೆಂಬರ್ 2021ರಲ್ಲಿ ಆ್ಯಪಲ್ ಕಂಪನಿಯೇ ತನ್ನ ಸಹಾಯ ಪುಟದಲ್ಲಿ, ಶಕ್ತಿಯುತ ಎಂಜಿನ್‌ನ ಬೈಕ್‌ಗಳ ಹ್ಯಾಂಡಲ್‌ಗೆ ಐಫೋನ್ ಕಟ್ಟಬೇಡಿ ಎಂದು ಎಚ್ಚರಿಸಿತು. ಫೋಟೋ ಅಲುಗದಿರಲೆಂದು ಲೆನ್ಸನ್ನು ತೇಲಿಸಿಡುವ ವ್ಯವಸ್ಥೆ, ಫೋಕಸ್ ಮಾಡುವ ವ್ಯವಸ್ಥೆ ಎರಡೂ ನಿರಂತರ ಅದುರಿಗೆ ಕೆಡುತ್ತವೆ. ಒಂದೇ ಸಿಲಿಂಡರ್‌ನ ಎಂಜಿನ್ 5000 ಆರ್‌ಪಿಎಂನಲ್ಲಿ ಹ್ಯಾಂಡಲನ್ನು ಸೆಕೆಂಡಿಗೆ 83 ಸಲ ಅದುರಿಸುತ್ತದೆ. ನಮ್ಮ ದೇಶದ ಟೂರಿಂಗ್ ಬೈಕ್‌ಗಳಲ್ಲಿ ಬಹಳಷ್ಟು ಅಂಥವೇ. ರಬ್ಬರ್ ಅಥವಾ ಸಿಲಿಕೋನ್ ಬುಷ್‌ಗಳ ಡ್ಯಾಂಪರ್ ಇರುವ ಮೌಂಟ್ ಹಾಕಿದರೆ ಹೊಡೆತ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ನಮ್ಮ ಸಲಹೆ ಇಷ್ಟು: ಮನೆಯಲ್ಲಿ ಮೂಲೆಗೆ ಬಿದ್ದ ಹಳೆಯ ಆಂಡ್ರಾಯ್ಡ್ ಫೋನ್ ಇದ್ದರೆ ಅದನ್ನೇ ಜಿಪಿಎಸ್ ಮಾಡಿ. ಬ್ಯಾಟರಿ ಉಬ್ಬಿಲ್ಲವೆಂದು ನೋಡಿಕೊಂಡು, ಆಫ್‌ಲೈನ್ ನಕ್ಷೆ ಇಳಿಸಿ, ಒಳ್ಳೆಯ ಫೋನನ್ನು ಜೇಬಿನಲ್ಲಿಡಿ. ಹ್ಯಾಂಡಲ್ ಮೇಲಿನ ಫೋನ್ ಹಾರಿ ಹೋದರೂ ಊರಿಗೆ ಫೋನ್ ಮಾಡಲು ಒಂದು ಉಳಿದಿರುತ್ತದೆ.

ಮಳೆಯಲ್ಲಿ ಹನಿಗಳನ್ನೇ ಬೆರಳೆಂದು ತಿಳಿದು ಫೋನ್ ಪರದೆ ಹುಚ್ಚಾಡುತ್ತದೆ. ಚಾರ್ಜಿಂಗ್ ಪೋರ್ಟ್‌ನಲ್ಲಿ ತೇವ ಕಂಡರೆ ಚಾರ್ಜ್ ಆಗುವುದನ್ನೇ ನಿಲ್ಲಿಸುತ್ತದೆ. ಅಂಥ ದಿನ ಪರದೆ ಲಾಕ್ ಮಾಡಿ ಹೆಲ್ಮೆಟ್‌ನ ಬ್ಲೂಟೂತ್‌ನಲ್ಲಿ ದನಿ ಕೇಳಿಕೊಂಡು ಹೋಗುವುದೇ ಲೇಸು. ಬಿಸಿಲಿನದ್ದು ಇನ್ನೊಂದು ಕಾಟ. ಐಫೋನ್‌ಗೆ ಕಂಪನಿ ಹೇಳುವ ಬಳಕೆಯ ಉಷ್ಣತೆ 35 ಡಿಗ್ರಿವರೆಗೆ. ಕಲಬುರಗಿಯ ಏಪ್ರಿಲ್‌ಗೆ ಅದು ಎಲ್ಲಿ ಸಾಕು? ಬಿಸಿಯಾದಾಗ ಫೋನ್ ಪರದೆ ಮಂಕು ಮಾಡಿಕೊಳ್ಳುತ್ತದೆ, ಚಾರ್ಜ್ ನಿಲ್ಲಿಸುತ್ತದೆ. ಪ್ಲಾಸ್ಟಿಕ್ ಚೀಲದ ಮೌಂಟ್‌ಗಳು ಇದನ್ನು ಹೆಚ್ಚಿಸುತ್ತವೆ, ವೈರ್‌ಲೆಸ್ ಚಾರ್ಜಿಂಗ್ ಕೂಡ. ಬೇಸಿಗೆಗೆ ತೆರೆದ ಮೌಂಟ್, ವೈರ್ ಚಾರ್ಜಿಂಗ್ ಇರಲಿ.

ದಂಡದ ಮಾತು: ಅಕ್ಟೋಬರ್ 2020ರಿಂದ ಜಾರಿಯಲ್ಲಿರುವ ಕೇಂದ್ರ ಮೋಟಾರು ವಾಹನ ನಿಯಮದ ತಿದ್ದುಪಡಿ, ಚಾಲಕನ ಗಮನ ತಪ್ಪಿಸದಂತೆ ದಾರಿ ನೋಡುವುದಕ್ಕಷ್ಟೇ ಫೋನ್ ಬಳಸಲು ಅವಕಾಶ ಕೊಟ್ಟಿದೆ. ಓಡಿಸುತ್ತಾ ಮೆಸೇಜ್ ತೆರೆದರೆ ಆ ರಕ್ಷಣೆ ಇಲ್ಲ.

ಪ್ರಶ್ನೆ: ಬಿಎಂಡಬ್ಲ್ಯು ಆರ್ 1200 ಜಿಎಸ್‌ನಲ್ಲಿ ಕಂಪನಿಯದ್ದೇ ನ್ಯಾವಿಗೇಟರ್ 5 ಜಿಪಿಎಸ್ ಇತ್ತು, ಟಚ್ ಹೋಗಿದೆ. ಅದೇ ಕ್ರೇಡಲ್‌ಗೆ ಎಕ್ಸ್‌ಟಿ ಕೂರುತ್ತದೆಯೇ? (ಮ್ಯೂನಿಕ್‌ನಲ್ಲಿರುವ ಓದುಗರು)

ನೇರ ಕೂರುವುದಿಲ್ಲ. ಬಿಎಂಡಬ್ಲ್ಯುಗೆ ನ್ಯಾವಿಗೇಟರ್ 5 ಮಾಡಿಕೊಟ್ಟದ್ದೂ ಗಾರ್ಮಿನ್ನೇ ಆದರೂ ಎಕ್ಸ್‌ಟಿಯ ಆಕಾರ, ಪಿನ್ ಬೇರೆ. ಹಳೆಯ ಕ್ರೇಡಲ್ ಮೇಲೆ ಕೂರುವ ಅಡಾಪ್ಟರ್‌ಗಳನ್ನು ಬೇರೆ ತಯಾರಕರು ಮಾರುತ್ತಾರೆ, ನೀವಿರುವ ಊರಿನಲ್ಲಿ ಸುಲಭವಾಗಿ ಸಿಗುತ್ತವೆ. ಜಿಪಿಎಸ್ ನಡೆಸಲು ಎಡಗೈ ಹಿಡಿಯ ಬಳಿ ಇರುವ ತಿರುಗುವ ಚಕ್ರ ಮಾತ್ರ ಸಾಮಾನ್ಯ ಜೂಮೋ ಜೊತೆ ಮಾತಾಡುವುದಿಲ್ಲ, ಅದಕ್ಕೆ ಆ ಸಂಕೇತ ಓದುವ ಎಲೆಕ್ಟ್ರಾನಿಕ್ಸ್ ಇರುವ ಅಡಾಪ್ಟರೇ ಬೇಕು. ಚಕ್ರ ಬೇಕೇಬೇಕು ಎನ್ನುವವರು ಸುಸ್ಥಿತಿಯ ಹಳೆಯ ನ್ಯಾವಿಗೇಟರ್ 6 ಹುಡುಕುವುದು ಒಳ್ಳೆಯದು. ಒಂದು ಎಚ್ಚರಿಕೆ: ಇದು ಕ್ಯಾನ್ ಬಸ್ ಇರುವ, ಅಂದರೆ ವೈರ್‌ಗಳ ಮೇಲೆ ಕಂಪ್ಯೂಟರ್ ಕಣ್ಣಿಟ್ಟಿರುವ ಬೈಕ್. ಹಿಂದಿನ ಉತ್ತರದಲ್ಲಿ ಹೇಳಿದಂತೆ ಟೈಲ್ ಲೈಟ್‌ನಿಂದ ವೈರ್ ಕದಿಯಬೇಡಿ. ಬೈಕ್ ಅದನ್ನು ದೋಷವೆಂದು ಗುರುತಿಸುತ್ತದೆ. ಕರೆಂಟನ್ನು ಕಂಪನಿ ಕೊಟ್ಟ ನ್ಯಾವಿಗೇಷನ್ ಕನೆಕ್ಟರ್‌ನಿಂದಲೇ ತೆಗೆದುಕೊಳ್ಳಿ.

ಪ್ರಶ್ನೆ: ಜೂಮೋ 660ರಲ್ಲಿ ಹತ್ತು ವರ್ಷದ ಜಾಗಗಳು, ದಾರಿಗಳು ಇವೆ. ಎಕ್ಸ್‌ಟಿಗೆ ಸಾಗಿಸುವುದು ಹೇಗೆ? ಸಾಗಿಸಿದ ಒಂದು ದಾರಿ ಹೊಸದರಲ್ಲಿ ಬೇರೆಯೇ ರಸ್ತೆ ತೋರಿಸುತ್ತಿದೆ. (ಮೈಸೂರು)

ಹಳೆಯದು ಇನ್ನೂ ಆನ್ ಆಗುತ್ತಿರುವಾಗಲೇ ಈ ಕೆಲಸ ಮುಗಿಸಿ. ಯುಎಸ್‌ಬಿಯಿಂದ ಕಂಪ್ಯೂಟರ್‌ಗೆ ಜೋಡಿಸಿದರೆ 660 ಪೆನ್‌ಡ್ರೈವ್‌ನಂತೆ ಕಾಣುತ್ತದೆ. ಗಾರ್ಮಿನ್ ಫೋಲ್ಡರ್ ಒಳಗಿನ ಜಿಪಿಎಕ್ಸ್ (ಜಾಗ, ದಾರಿಗಳ ಕಡತಗಳಿರುವ) ಫೋಲ್ಡರನ್ನು ಇಡಿಯಾಗಿ ನಕಲು ಮಾಡಿಕೊಳ್ಳಿ. ಅದರಲ್ಲಿರುವ "ಕರೆಂಟ್" ಹೆಸರಿನ ಕಡತದಲ್ಲೇ ನಿಮ್ಮ ಮೆಚ್ಚಿನ ಜಾಗಗಳು ಇರುವುದು. ಎಕ್ಸ್‌ಟಿ ವಿಂಡೋಸ್‌ನಲ್ಲಿ ಫೋನ್‌ನಂತೆ ತೆರೆದುಕೊಳ್ಳುತ್ತದೆ. ಮ್ಯಾಕ್ ಇದ್ದರೆ ಆಂಡ್ರಾಯ್ಡ್ ಫೋನ್‌ನ ಕಡತ ನೋಡಲು ಬಳಸುವಂಥ ಸಾಫ್ಟ್‌ವೇರ್ ಬೇಕು. ಎಕ್ಸ್‌ಟಿಯ ಜಿಪಿಎಕ್ಸ್ ಫೋಲ್ಡರ್‌ಗೆ ಈ ಕಡತಗಳನ್ನು ಹಾಕಿ, ಹೆಸರು ಬದಲಿಸಿಯೇ ಹಾಕಿ, ಇಲ್ಲದಿದ್ದರೆ ಒಂದರ ಮೇಲೊಂದು ಕೂರುತ್ತದೆ. ದಾರಿಗಳು ಕಾಣಬೇಕಾದರೆ ಟ್ರಿಪ್ ಪ್ಲಾನರ್‌ನಲ್ಲಿ ಇಂಪೋರ್ಟ್ ಕೊಡಬೇಕು.

ದಾರಿ ಬದಲಾಗುವುದಕ್ಕೆ ಕಾರಣವಿದೆ. ರೂಟ್ ಅಂದರೆ ಕೆಲವೇ ಬಿಂದುಗಳು. ನಡುವಿನ ರಸ್ತೆಯನ್ನು ಯೂನಿಟ್ ತನ್ನ ನಕ್ಷೆ ನೋಡಿ ಹೊಸದಾಗಿ ಲೆಕ್ಕ ಹಾಕುತ್ತದೆ. ನಕ್ಷೆ ಹೊಸದಾದರೆ ಲೆಕ್ಕವೂ ಹೊಸದು. ಟ್ರ್ಯಾಕ್ ಅಂದರೆ ನೀವು ನಿಜಕ್ಕೂ ಹೋದ ಹೆಜ್ಜೆಗುರುತು, ಅದು ಯಾವ ನಕ್ಷೆಯಲ್ಲೂ ಬದಲಾಗುವುದಿಲ್ಲ. ಕುದುರೆಮುಖದ ಕಡೆಯ ಒಳರಸ್ತೆಯಂಥದ್ದನ್ನು ತಪ್ಪದೆ ಹಿಡಿಯಬೇಕಾದರೆ ಟ್ರ್ಯಾಕನ್ನೇ ಇಟ್ಟುಕೊಳ್ಳಿ. ರೂಟೇ ಬೇಕೆಂದರೆ ಪ್ರತಿ ಮುಖ್ಯ ಕೂಡುರಸ್ತೆ ದಾಟಿದ ಮೇಲೆ ಒಂದು ಬಿಂದು ಇಡಿ, ಕೂಡುರಸ್ತೆಯ ಮೇಲಲ್ಲ. ಕೂಡುರಸ್ತೆಯ ಮೇಲೆಯೇ ಇಟ್ಟರೆ ಬಿಂದು ಪಕ್ಕದ ರಸ್ತೆಗೆ ಜಾರಿ, ಸುಮ್ಮನೆ ಯು-ಟರ್ನ್ ಹೊಡೆಸುತ್ತದೆ.

ಹಳೆಯ ಯೂನಿಟ್‌ಗೆ ಕೊಂಡ ನಕ್ಷೆಯ ಹಕ್ಕು ಹೊಸದಕ್ಕೆ ವರ್ಗವಾಗುವುದಿಲ್ಲ. ಮಾರುವುದಿದ್ದರೆ "ಮನೆ" ಎಂದು ಉಳಿಸಿದ ಜಾಗವನ್ನೂ ಟ್ರ್ಯಾಕ್‌ಗಳನ್ನೂ ಅಳಿಸಿ ಕೊಡಿ.

ಪ್ರಶ್ನೆ: ಮುಂದಿನ ಬೇಸಿಗೆಗೆ ಲಡಾಖ್ ಹೊರಟಿದ್ದೇವೆ. ಸಿಗ್ನಲ್ ಇಲ್ಲದ ಕಡೆ ಜಿಪಿಎಸ್ ನಡೆಯುತ್ತದೆಯೇ? ಅಮೆರಿಕದಲ್ಲಿರುವ ಅಣ್ಣ ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಯಂತ್ರ ತಂದುಕೊಡುತ್ತೇನೆ ಎನ್ನುತ್ತಿದ್ದಾರೆ. (ಬೆಳಗಾವಿ)

ಜಿಪಿಎಸ್‌ಗೆ ಸಿಮ್ ಬೇಕಿಲ್ಲ, ಅದು ಉಪಗ್ರಹದ ಮಾತನ್ನು ಕೇಳಿಸಿಕೊಳ್ಳುತ್ತದೆ ಅಷ್ಟೆ. ನೆಟ್‌ವರ್ಕ್ ಬೇಕಾಗುವುದು ನಕ್ಷೆ ಇಳಿಸುವುದಕ್ಕೆ. ಕರ್ನಾಟಕದ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಆದ್ದರಿಂದ ನಕ್ಷೆಗಳನ್ನು ಊರಿನಲ್ಲೇ ಇಳಿಸಿಕೊಂಡು, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ದಾರಿ ತೋರಿಸುತ್ತದೆಯೇ ಎಂದು ಮನೆಯಲ್ಲೇ ಪರೀಕ್ಷಿಸಿ. ಆರ್ಗ್ಯಾನಿಕ್ ಮ್ಯಾಪ್ಸ್, ಓಎಸ್‌ಎಂಆ್ಯಂಡ್ ಎರಡೂ ಪೂರ್ತಿ ಆಫ್‌ಲೈನ್ ನಡೆಯುತ್ತವೆ.

ಬೈಕನ್ನು ರೈಲಿನಲ್ಲೋ ಲಾರಿಯಲ್ಲೋ ಕಳಿಸಿ ದೂರದಲ್ಲಿ ಇಳಿಸಿಕೊಂಡಾಗ ಯೂನಿಟ್‌ಗೆ ತಾನೆಲ್ಲಿದ್ದೇನೆಂಬ ಅಂದಾಜೇ ಇರುವುದಿಲ್ಲ. ಉಪಗ್ರಹ ತನ್ನ ಕಕ್ಷೆಯ ವಿವರವನ್ನು ಅರ್ಧ ನಿಮಿಷಕ್ಕೊಮ್ಮೆ ಹೇಳುತ್ತದೆ. ಎಲ್ಲ ಉಪಗ್ರಹಗಳ ಪಟ್ಟಿ ಪೂರ್ತಿ ಬರಲು 12.5 ನಿಮಿಷ ಬೇಕು. ನೆಟ್‌ವರ್ಕ್ ಇದ್ದಾಗ ಫೋನ್ ಈ ವಿವರವನ್ನು ಇಂಟರ್‌ನೆಟ್‌ನಿಂದ ತರಿಸಿಕೊಳ್ಳುತ್ತದೆ, ಇಲ್ಲದಾಗ ಕಾಯಲೇಬೇಕು. ಹೊರಡುವ ಮುನ್ನ ಬಯಲಲ್ಲಿ ನಿಲ್ಲಿಸಿ ಲಾಕ್ ಆಗಲು ಬಿಡಿ. ಕಟ್ಟಡಗಳ ನಡುವೆ ಓಡುತ್ತಾ ಹಿಡಿಸಲು ಹೋದರೆ ಪ್ರತಿ ಸಲ ಮಾತು ಅರ್ಧಕ್ಕೆ ಕಡಿದು ಮೊದಲಿನಿಂದ ಶುರುವಾಗುತ್ತದೆ. ರಾತ್ರಿ ಯೂನಿಟ್ಟನ್ನು ಬೈಕಿನಲ್ಲಿ ಬಿಡದೆ ಟೆಂಟ್ ಒಳಗೆ ತನ್ನಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಿದರೆ ಅದಕ್ಕೆ ಮತ್ತೆ ಸರಿಯಾಗದ ಹಾನಿಯಾಗುತ್ತದೆ.

ಅಣ್ಣನವರಿಗೆ ಮಾತ್ರ ಬೇಡವೆನ್ನಿ. ಇನ್‌ರೀಚ್‌ನಂಥ, ಇರಿಡಿಯಂ ಉಪಗ್ರಹಗಳಿಗೆ ಸಂದೇಶ ಕಳಿಸುವ ಯಂತ್ರಗಳನ್ನು ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ನಮ್ಮ ದೇಶದಲ್ಲಿ ಇಟ್ಟುಕೊಳ್ಳುವಂತಿಲ್ಲ. ವಿಮಾನ ನಿಲ್ದಾಣಗಳಲ್ಲಿ ವಿದೇಶಿ ಪ್ರವಾಸಿಗರನ್ನೇ ತಡೆದು ಪ್ರಕರಣ ದಾಖಲಿಸಿದ್ದಾರೆ. ಗಡಿ ಪ್ರದೇಶದಲ್ಲಿ ಸಿಕ್ಕಿದರೆ ಇನ್ನೂ ಗಂಭೀರ. ಬರೀ ಕೇಳಿಸಿಕೊಳ್ಳುವ ಜೂಮೋದಂಥ ಯೂನಿಟ್‌ಗಳಿಗೆ ಈ ತೊಡಕಿಲ್ಲ.

ಪ್ರಶ್ನೆ: ರಾಯಲ್ ಎನ್‌ಫೀಲ್ಡ್ ಮೀಟಿಯರ್ 350ರ ಟ್ರಿಪ್ಪರ್ (ದಾರಿ ತೋರಿಸುವ ಪುಟ್ಟ ದುಂಡು ಪರದೆ) ದಾರಿ ಮಧ್ಯೆ ಬಾಣದ ಗುರುತು ನಿಲ್ಲಿಸಿ ಬರೀ ಗಡಿಯಾರ ತೋರಿಸುತ್ತದೆ. ಪಾಡ್ ಬದಲಿಸಬೇಕೇ? (ಉಡುಪಿ)

ಟ್ರಿಪ್ಪರ್ ಪಾಡ್‌ನಲ್ಲಿ ಜಿಪಿಎಸ್ಸೇ ಇಲ್ಲ. ಜಾಗ ಹುಡುಕುವುದು, ದಾರಿ ಲೆಕ್ಕ ಹಾಕುವುದು ಎಲ್ಲ ನಿಮ್ಮ ಜೇಬಿನ ಫೋನ್. ಪಾಡ್ ಬ್ಲೂಟೂತ್‌ನಲ್ಲಿ ಬಂದ ಬಾಣವನ್ನು ತೋರಿಸುತ್ತದೆ. ಗಡಿಯಾರ ಕಾಣುತ್ತಿದೆ ಎಂದರೆ ಪಾಡ್‌ಗೆ ಕರೆಂಟ್ ಇದೆ, ಫೋನ್ ಕೈಬಿಟ್ಟಿದೆ. ಫೋನ್‌ನ ಸೆಟ್ಟಿಂಗ್ಸ್‌ನಲ್ಲಿ ರಾಯಲ್ ಎನ್‌ಫೀಲ್ಡ್ ಆ್ಯಪ್‌ಗೆ ಬ್ಯಾಟರಿ ಉಳಿತಾಯದಿಂದ ವಿನಾಯಿತಿ ಕೊಡಿ, ಲೊಕೇಶನ್ ಅನುಮತಿ "ಯಾವಾಗಲೂ" ಎಂದಿರಲಿ. ಪರದೆ ಆಫ್ ಆದ ಮೇಲೆ ಆ್ಯಪ್‌ಗಳನ್ನು ಮುಚ್ಚುವ ಫೋನ್‌ಗಳಲ್ಲಿ ಇದೇ ತೊಂದರೆ. ಆಮೇಲೂ ತೊಂದರೆ ಹೋಗದಿದ್ದರೆ ಫೋನ್, ಪಾಡ್ ಎರಡೂ ಕಡೆ ಹಳೆಯ ಜೋಡಣೆ ಅಳಿಸಿ ಮತ್ತೆ ಪೇರ್ ಮಾಡಿ. ಗಾಜಿನ ಒಳಗೆ ನೀರು ನಿಂತಿದ್ದರೆ ಮಾತ್ರ ಪಾಡ್‌ನದ್ದೇ ದೋಷ. ವಾರಂಟಿ ಇರುವಾಗಲೇ ಫೋಟೋ ಸಮೇತ ತೋರಿಸಿ.

ಪ್ರಶ್ನೆ: ಜಿಪಿಎಸ್, ಯುಎಸ್‌ಬಿ ಚಾರ್ಜರ್ ಎರಡನ್ನೂ ಹಾಕಿಸಿದ ಮೇಲೆ ನಾಲ್ಕು ದಿನ ನಿಲ್ಲಿಸಿದರೆ ಬೈಕ್ ಸ್ಟಾರ್ಟ್ ಆಗುತ್ತಿಲ್ಲ. ಬ್ಯಾಟರಿ ಹೊಸದು. (ಚಿತ್ರದುರ್ಗ)

ಕೂರಿಸಿದವರು ಎರಡನ್ನೂ ನೇರ ಬ್ಯಾಟರಿಗೆ ಕೊಟ್ಟಿರಬೇಕು. ಕೀ ತೆಗೆದ ಮೇಲೂ 50 ಮಿಲಿಆಂಪ್ ಹರಿಯುತ್ತಿದ್ದರೆ ದಿನಕ್ಕೆ 1.2 ಆಂಪ್-ಅವರ್ ಸೋರುತ್ತದೆ. 8 ಆಂಪ್-ಅವರ್ ಬ್ಯಾಟರಿ ನಾಲ್ಕನೇ ದಿನಕ್ಕೆ ಅರ್ಧಕ್ಕಿಂತ ಕಡಿಮೆ, ಸ್ಟಾರ್ಟರ್ ತಿರುಗಿಸಲು ಅದು ಸಾಲದು.

ಅಳೆದೇ ನೋಡಿ. ಕೀ ತೆಗೆದು, ಮಲ್ಟಿಮೀಟರನ್ನು 10 ಆಂಪ್ ಅಳತೆಗೆ ಇಟ್ಟು, ಬ್ಯಾಟರಿಯ ನೆಗೆಟಿವ್ ಬಿಚ್ಚಿ ಆ ಕೇಬಲ್ ಮತ್ತು ಟರ್ಮಿನಲ್ ನಡುವೆ ಸೇರಿಸಿ. ಮೀಟರ್ ಸೇರಿಸಿರುವಾಗ ಕೀ ಆನ್ ಮಾಡಬೇಡಿ, ಸ್ಟಾರ್ಟರ್ ಒತ್ತಲೇಬೇಡಿ. ಮೀಟರ್ ಫ್ಯೂಸ್ ಸುಡುತ್ತದೆ. ಇಸಿಯು ಮಲಗಲು ಐದಾರು ನಿಮಿಷ ಬಿಟ್ಟು ಓದಿ. ಕೆಲವೇ ಮಿಲಿಆಂಪ್ ಇದ್ದರೆ ಸಹಜ. 20 ದಾಟಿದರೆ ಮೊದಲು ಚಾರ್ಜರ್‌ನ ಫ್ಯೂಸ್ ತೆಗೆಯಿರಿ, ಆಮೇಲೆ ಜಿಪಿಎಸ್‌ನದ್ದು. ಯಾವುದನ್ನು ತೆಗೆದಾಗ ಅಂಕಿ ಇಳಿಯಿತೋ ಸೋರಿಕೆ ಅಲ್ಲಿಯದು. ಸಾಮಾನ್ಯವಾಗಿ ಅದು ಚಾರ್ಜರೇ. ಫೋನ್ ಚುಚ್ಚಿಲ್ಲದಿದ್ದರೂ ಅದರ ಸರ್ಕ್ಯೂಟ್ ಮತ್ತು ಮಿನುಗುವ ವೋಲ್ಟ್‌ಮೀಟರ್ ದೀಪ ಕರೆಂಟ್ ಎಳೆಯುತ್ತಲೇ ಇರುತ್ತವೆ. ಎರಡನ್ನೂ ಹುಬ್ಬಳ್ಳಿಯ ಓದುಗರಿಗೆ ಹೇಳಿದಂತೆ ರಿಲೇಯ 87ಕ್ಕೆ ವರ್ಗಾಯಿಸಿ, ಒಂದೊಂದಕ್ಕೂ ಬೇರೆ ಫ್ಯೂಸ್ ಕೊಡಿ. ನಂತರ ಬ್ಯಾಟರಿಯನ್ನು ಹೊರಗಿನ ಚಾರ್ಜರ್‌ನಲ್ಲಿ ಒಂದು ರಾತ್ರಿ ಪೂರ್ತಿ ಚಾರ್ಜ್ ಮಾಡಿಸಿ. ಪದೇ ಪದೇ ಬರಿದಾದ ಬ್ಯಾಟರಿಯನ್ನು ಊರೊಳಗಿನ ಓಡಾಟ ಮಾತ್ರ ತುಂಬಿಸುವುದಿಲ್ಲ.